ಬಚ್ಚಲುಮನೆಯ ಬಿಸಿನೀರು: ಓದುಗರ ಪ್ರಶ್ನೆಗಳಿಗೆ ಉತ್ತರ

ಚಳಿ ಬಿಗಿಯಾಗುತ್ತಿದ್ದಂತೆ ಗೀಸರ್ ಕುರಿತ ಪತ್ರಗಳು ಬರತೊಡಗುತ್ತವೆ. ಈ ಸಲ ಬಂದವುಗಳಲ್ಲಿ ಒಂದಕ್ಕೆ ಉತ್ತರ ತಡವಾಗಬಾರದು. ಅದನ್ನೇ ಮೊದಲು ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಬಚ್ಚಲಿನೊಳಗೇ ಗ್ಯಾಸ್ ಗೀಸರ್ ಇದೆ. ಚಳಿಗಾಳಿ ಬರುತ್ತದೆಂದು ಕಿಟಕಿಯ ಗಾಜಿನ ಪಟ್ಟಿಗಳನ್ನು ಮುಚ್ಚಿ ಮೇಲೆ ರಟ್ಟು ಅಂಟಿಸಿದ್ದೇವೆ. ಹತ್ತನೇ ತರಗತಿಯ ಮಗಳು ತಲೆಸ್ನಾನ ಮಾಡಿ ಬಂದ ದಿನವೆಲ್ಲ ತಲೆನೋವು, ಹೊಟ್ಟೆ ತೊಳಸುತ್ತದೆ ಎನ್ನುತ್ತಾಳೆ. ಪರೀಕ್ಷೆಯ ಒತ್ತಡ ಇರಬೇಕು ಅಂದುಕೊಂಡಿದ್ದೆವು. ಗ್ಯಾಸ್ ವಾಸನೆಯಂತೂ ಇಲ್ಲ. ಹೆದರಬೇಕಾದ ವಿಷಯವೇ?

ಉತ್ತರ: ನೀವು ಬರೆದದ್ದು ಒಳ್ಳೆಯದಾಯಿತು. ಇದು ಸರಿಮಾಡಿಕೊಳ್ಳಬಹುದಾದ ತೊಂದರೆ. ಆದರೆ ನಿಮ್ಮ ಅನುಮಾನ ನಿಜವಾದದ್ದು, ಅದನ್ನು ಬದಿಗಿಡಬೇಡಿ. ಮಗಳ ತಲೆನೋವಿಗೆ ಪರೀಕ್ಷೆಯಲ್ಲ, ಆ ಗೀಸರ್ ಕಾರಣ ಇರುವ ಸಾಧ್ಯತೆ ಹೆಚ್ಚು. ಇವತ್ತೇ ರಟ್ಟನ್ನು ಕಿತ್ತುಹಾಕಿ.

ವಾಸನೆ ಇಲ್ಲ ಎಂದಿದ್ದೀರಿ. ನಮ್ಮ ಮೂಗಿಗೆ ಬಡಿಯುವುದು ಉರಿಯದೆ ಸೋರಿದ ಗ್ಯಾಸು. ಸೋರಿಕೆ ಗೊತ್ತಾಗಲೆಂದೇ ಅದಕ್ಕೆ ವಾಸನೆಯ ವಸ್ತು ಬೆರೆಸಿರುತ್ತಾರೆ. ನಿಮ್ಮ ಮನೆಯಲ್ಲಿ ಗ್ಯಾಸ್ ಸೋರುತ್ತಿಲ್ಲ, ಉರಿಯುತ್ತಿದೆ. ಉರಿಯಲು ಸಾಕಷ್ಟು ಗಾಳಿ ಸಿಗದಿದ್ದಾಗ ಕಾರ್ಬನ್ ಮಾನಾಕ್ಸೈಡ್ (ಅರೆಬರೆ ಉರಿದಾಗ ಹುಟ್ಟುವ ವಿಷಾನಿಲ) ಉಂಟಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯೂ ಇಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಸಣ್ಣ ಗ್ಯಾಸ್ ಗೀಸರ್ ಇಪ್ಪತ್ತು ನಿಮಿಷ ಉರಿದರೆ ಸುಮಾರು 300 ಗ್ರಾಂ ಗ್ಯಾಸ್ ಖರ್ಚಾಗುತ್ತದೆ. ಅಷ್ಟು ಗ್ಯಾಸ್ ಪೂರ್ತಿ ಉರಿಯಲು ಹತ್ತಿರ ಹತ್ತಿರ ನಾಲ್ಕು ಘನ ಮೀಟರ್ ಗಾಳಿ ಬೇಕು. ಐದಡಿ ಅಗಲ, ಏಳಡಿ ಉದ್ದ, ಎಂಟಡಿ ಎತ್ತರದ ಬಚ್ಚಲಿನಲ್ಲಿ ಇರುವುದೇ ಎಂಟು ಘನ ಮೀಟರ್. ಅಂದರೆ ಒಂದು ತಲೆಸ್ನಾನ ಮುಗಿಯುವುದರೊಳಗೆ ಕೋಣೆಯ ಅರ್ಧದಷ್ಟು ಗಾಳಿಯನ್ನು ಬೆಂಕಿಯೇ ತಿಂದಿರುತ್ತದೆ. ಬೇಸಿಗೆಯಲ್ಲಿ ಕಿಟಕಿ ತೆರೆದಿರುವುದರಿಂದ ಉಳಿದುಕೊಳ್ಳುತ್ತೇವೆ. ಚಳಿಗಾಲದಲ್ಲಿ ಅದನ್ನು ನಾವೇ ಮುಚ್ಚುತ್ತೇವೆ.

ಶಾಶ್ವತ ಪರಿಹಾರ ಒಂದೇ. ಗೀಸರನ್ನು ಬಚ್ಚಲಿನಿಂದ ಹೊರಗೆ, ಗಾಳಿಯಾಡುವ ಯುಟಿಲಿಟಿ ಜಾಗಕ್ಕೋ ತೆರೆದ ಬಾಲ್ಕನಿಗೋ ಸರಿಸಿ, ಬಿಸಿನೀರನ್ನು ಮಾತ್ರ ಪೈಪಿನಲ್ಲಿ ಒಳಗೆ ತರುವುದು. ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಸಾಕಲ್ಲವೇ ಎಂದು ಮಾಲೀಕರು ಕೇಳಬಹುದು. ಸಾಲದು. ಹೊಸ ಗಾಳಿ ಒಳಗೆ ಬರಲು ಬೇರೆ ದಾರಿ ಇಲ್ಲದಿದ್ದರೆ ಫ್ಯಾನ್ ತಿರುಗಿಯೂ ಪ್ರಯೋಜನ ಕಡಿಮೆ. ಜ್ವಾಲೆ ಹಳದಿಯಾಗಿದ್ದರೆ ಬರ್ನರ್ ಸರ್ವಿಸ್ ಆಗಲೇಬೇಕು. ಹಾಗೆಂದು ನೀಲಿ ಜ್ವಾಲೆ ಕಂಡು ನಿಶ್ಚಿಂತರಾಗಬೇಡಿ, ಮುಚ್ಚಿದ ಕೋಣೆಯಲ್ಲಿ ಅದೂ ಕೆಡುತ್ತದೆ. ಈ ಪತ್ರವನ್ನೇ ಮಾಲೀಕರಿಗೆ ತೋರಿಸಿ. ಕೇಳಲು ಸಂಕೋಚಪಡುವ ಮಾತು ಇದಲ್ಲ.

ಗೀಸರ್ ಸ್ಥಳಾಂತರ ಆಗುವವರೆಗೆ ಹೀಗೆ ಮಾಡಿ. ಬಾಗಿಲು, ಕಿಟಕಿ ಎರಡನ್ನೂ ತೆರೆದಿಟ್ಟು ಬಕೆಟ್ ತುಂಬಿಸಿಕೊಳ್ಳಿ. ಗೀಸರ್ ಆರಿಸಿ, ರೆಗ್ಯುಲೇಟರ್ ಮುಚ್ಚಿ, ಒಂದೈದು ನಿಮಿಷ ಗಾಳಿಯಾಡಲು ಬಿಡಿ. ಆಮೇಲೆ ಒಳಗೆ ಹೋಗಿ ಸ್ನಾನ ಮಾಡಿ. ಒಳಗಿರುವಾಗ ಗೀಸರ್ ಉರಿಯುತ್ತಿರಬಾರದು, ಯಾರೂ ಚಿಲಕ ಹಾಕಿಕೊಳ್ಳುವುದೂ ಬೇಡ. ಈ ಅನಿಲ ಏರಿದವರಿಗೆ ತಲೆ ತಿರುಗುವ ಮೊದಲೇ ಕಾಲಿನ ಬಲ ಹೋಗಬಹುದು. ಚಿಲಕದವರೆಗೆ ಕೈ ಎಟಕುವುದಿಲ್ಲ.

ಮಗಳನ್ನು ಒಮ್ಮೆ ವೈದ್ಯರಿಗೆ ತೋರಿಸಿ, ಗ್ಯಾಸ್ ಗೀಸರ್ ವಿಷಯವನ್ನು ಬಾಯಿಬಿಟ್ಟು ಹೇಳಿ. ಬೆರಳಿಗೆ ಸಿಕ್ಕಿಸಿ ನೋಡುವ ಸಾಮಾನ್ಯ ಪಲ್ಸ್ ಆಕ್ಸಿಮೀಟರ್ ಈ ವಿಷವನ್ನೂ ಆಮ್ಲಜನಕವೆಂದೇ ಎಣಿಸಿ 98, 99 ಎಂದು ತೋರಿಸಿಬಿಡುತ್ತದೆ. ನೀವು ಹೇಳದಿದ್ದರೆ ಕಾರಣ ತಪ್ಪಿಹೋದೀತು. ಯಾರಾದರೂ ಒಳಗೇ ಕುಸಿದರೆ ಬಾಗಿಲು ಒಡೆದಾದರೂ ಹೊರಗಿನ ಗಾಳಿಗೆ ತನ್ನಿ, 108ಕ್ಕೆ ಕರೆ ಮಾಡಿ.

ಪ್ರಶ್ನೆ: ಚಿತ್ರದುರ್ಗದ ಹತ್ತಿರದ ಊರು ನಮ್ಮದು, ಬೋರ್‌ವೆಲ್ ನೀರು. 15 ಲೀಟರ್ ಕರೆಂಟ್ ಗೀಸರ್ ಹಾಕಿಸಿ ಐದು ವರ್ಷವಾಯಿತು. ಈಗ ಸ್ವಿಚ್ ಹಾಕಿದರೆ ಒಳಗೆ ಕಟಕಟ, ಗೊಟಗೊಟ ಸದ್ದು. ನೀರು ಕಾಯಲು ಮೊದಲಿಗಿಂತ ಎರಡರಷ್ಟು ಹೊತ್ತು. ಅದು ಸಿಡಿದುಬಿಡುತ್ತದೇನೋ ಎಂದು ಸ್ವಿಚ್ ಹಾಕಿ ನಾನು ಹೊರಗೆ ಬಂದು ನಿಲ್ಲುತ್ತೇನೆ. ಮನೆಯವರು ನಗುತ್ತಾರೆ.

ಉತ್ತರ: ಎದೆ ಡವಗುಟ್ಟುವ ಸದ್ದೇ ಅದು, ನಿಮ್ಮ ಹೆದರಿಕೆ ಸಹಜ. ಆದರೆ ಸದ್ದು ಬಂತೆಂದು ಗೀಸರ್ ಸಿಡಿಯುವುದಿಲ್ಲ. ಒಳಗೆ ಸುಣ್ಣ ಕಟ್ಟಿದೆ ಎಂದಷ್ಟೇ ಅದರ ಅರ್ಥ.

ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲ ಇಲ್ಲದಿದ್ದರೆ 600ರವರೆಗೂ ನಡೆಯುತ್ತದೆ ಎಂದಿದೆ. ಬಯಲುಸೀಮೆಯ ಎಷ್ಟೋ ಕೊಳವೆಬಾವಿಗಳ ನೀರು ಮೇಲಿನ ಅಂಚಿನಲ್ಲೇ ಇರುತ್ತದೆ. ನೀರು ಕಾದಾಗ ಆ ಲವಣ ಬಿಳಿ ಸುಣ್ಣವಾಗಿ ಕಾಯಿಲ್ (ನೀರು ಕಾಯಿಸುವ ಬಿಸಿಕೊಳವೆ) ಮೇಲೆ ಪದರಪದರವಾಗಿ ಕೂರುತ್ತದೆ. ಪದರದ ಅಡಿಯಲ್ಲಿ ಸಿಕ್ಕಿಕೊಂಡ ನೀರು ಆವಿಯಾಗಿ ಗುಳ್ಳೆಯೆದ್ದು ಒಡೆಯುವುದೇ ನೀವು ಕೇಳುವ ಸದ್ದು. ಬಿಸಿ ನೀರಿಗೆ ಸರಿಯಾಗಿ ದಾಟದೆ ಕಾಯಿಲ್ ತಾನೇ ವಿಪರೀತ ಕಾಯುತ್ತದೆ. ಹೀಗೇ ಬಿಟ್ಟರೆ ಒಂದು ದಿನ ಅದರ ಹೊದಿಕೆ ಬಿರುಕುಬಿಡುತ್ತದೆ, ಆಗ ಕರೆಂಟ್ ನೀರಿಗೆ ಇಳಿಯಬಹುದು. ಹೆದರುವುದಾದರೆ ಅದಕ್ಕೆ ಹೆದರಬೇಕು.

ಇಲ್ಲಿ ಒಂದು ಮಾತು ಹೇಳಬೇಕೆನಿಸುತ್ತದೆ. ನಮ್ಮಲ್ಲಿ ನರಕ ಚತುರ್ದಶಿಯ ಹಿಂದಿನ ದಿನ ನೀರು ತುಂಬುವ ಹಬ್ಬ ಇದೆ. ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು, ಹೊಸ ನೀರು ತುಂಬುತ್ತಿದ್ದರು. ಸರಿಯಾಗಿ ಚಳಿಗಾಲದ ಬಾಗಿಲಿಗೆ ಬರುವ ಹಬ್ಬ ಅದು. ಹಂಡೆ ಹೋಗಿ ಗೀಸರ್ ಬಂದಮೇಲೆ ತೊಳೆಯುವ ರೂಢಿ ಮಾತ್ರ ಬಿಟ್ಟುಹೋಯಿತು. ಆಳೆತ್ತರದಲ್ಲಿ, ಕಣ್ಣಿಗೆ ಕಾಣದ ಮುಚ್ಚಿದ ಪಾತ್ರೆ ಅದು. ಒಳಗೆ ಐದು ವರ್ಷದ ಸುಣ್ಣ ಇದೆಯೆಂದು ಯಾರಿಗೆ ಹೊಳೆಯಬೇಕು? ಗಡಸು ನೀರಿನ ಮನೆಗಳಲ್ಲಿ ವರ್ಷಕ್ಕೊಮ್ಮೆ ಅದೇ ಹಬ್ಬದ ಆಸುಪಾಸಿನಲ್ಲಿ ಸರ್ವಿಸ್ ಮಾಡಿಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಈ ಸಲ ಹಬ್ಬ ದಾಟಿದೆ, ಪರವಾಗಿಲ್ಲ, ಈ ವಾರವೇ ಮಾಡಿಸಿ.

ಸರ್ವಿಸ್ ಎಂದರೆ ಹೊರಗಿನಿಂದ ಒರೆಸಿ ಹೋಗುವುದಲ್ಲ. ಎಂಸಿಬಿ (ಮಿತಿಮೀರಿ ಕರೆಂಟ್ ಹರಿದರೆ ತಾನೇ ಬೀಳುವ ಸ್ವಿಚ್) ಇಳಿಸಿ, ಬಿಸಿ ಆರಲು ಬಿಟ್ಟು, ಟ್ಯಾಂಕಿನ ನೀರೆಲ್ಲ ಖಾಲಿ ಮಾಡಿ, ಕಾಯಿಲನ್ನು ಬಿಚ್ಚಿ ಹೊರತೆಗೆಯಬೇಕು. ಸುಣ್ಣ ಕೆರೆದು ಟ್ಯಾಂಕಿನ ತಳದ ಪುಡಿಯನ್ನೂ ತೊಳೆಯಬೇಕು. ನಿಂಬೆ ಉಪ್ಪಿನ (ಸಿಟ್ರಿಕ್ ಆಮ್ಲ) ನೀರಿನಲ್ಲಿ ಕಾಯಿಲ್ ನೆನೆಸಿದರೆ ಪದರ ಸುಲಭವಾಗಿ ಬಿಡುತ್ತದೆ. ಕಕ್ಕಸು ತೊಳೆಯುವ ಆ್ಯಸಿಡ್ ಸುರಿಯಲು ಯಾರಿಗೂ ಬಿಡಬೇಡಿ, ಅದು ಸುಣ್ಣದ ಜತೆಗೆ ಲೋಹವನ್ನೂ ತಿನ್ನುತ್ತದೆ.

ಆಗಲೇ ಆನೋಡ್ ಕಡ್ಡಿಯನ್ನೂ (ತುಕ್ಕನ್ನು ತಾನು ತಗುಲಿಸಿಕೊಂಡು ಟ್ಯಾಂಕನ್ನು ಉಳಿಸುವ ಮೆಗ್ನೀಸಿಯಂ ಸರಳು) ತೋರಿಸಲು ಹೇಳಿ. ಅದು ಸವೆದು ಒಳಗಿನ ತಂತಿ ಕಾಣುವಂತಿದ್ದರೆ ಹೊಸದು ಹಾಕಿಸಿ. ಐದು ವರ್ಷ ಮುಟ್ಟಿಲ್ಲ ಎಂದಮೇಲೆ ನಿಮ್ಮದು ಬಹುಶಃ ಮುಗಿದೇ ಹೋಗಿದೆ. ಈ ಕಡ್ಡಿಯ ಹೆಸರನ್ನೇ ಕೇಳದ ಮನೆಗಳು ಬಹಳ. ಟ್ಯಾಂಕ್ ತೂತುಬಿದ್ದು ಹೊಸ ಗೀಸರ್ ಕೊಳ್ಳುವವರಲ್ಲಿ ಅನೇಕರು ಇದೊಂದನ್ನು ಕಾಲಕಾಲಕ್ಕೆ ಬದಲಿಸಿದ್ದರೆ ಆ ಖರ್ಚು ಉಳಿಯುತ್ತಿತ್ತು.

ಕೊನೆಗೆ ಥರ್ಮೋಸ್ಟಾಟನ್ನು (ಬೇಕಾದಷ್ಟು ಬಿಸಿಯಾದಾಗ ಕರೆಂಟ್ ಕಡಿಯುವ ಸಾಧನ) 50ರಿಂದ 55 ಡಿಗ್ರಿಗೆ ಇಡಿಸಿ. 60 ದಾಟಿದಂತೆ ಸುಣ್ಣ ಕಟ್ಟುವುದು ಜೋರಾಗುತ್ತದೆ.

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮ ಗೀಸರ್ ಪಕ್ಕದ ಪುಟ್ಟ ವಾಲ್ವ್‌ನಿಂದ ನೀರು ಕಾಯುವಾಗ ತೊಟ್ಟಿಕ್ಕುತ್ತಿತ್ತು. ಪ್ಲಂಬರ್ ಅದಕ್ಕೊಂದು ಬಿರಡೆ ಬಿಗಿದು ಹೋದರು. ಈಗ ಸೋರುತ್ತಿಲ್ಲ. ಸರಿ ತಾನೇ?

ಉತ್ತರ: ಸೋರಿಕೆ ನಿಂತಿತೆಂಬ ನೆಮ್ಮದಿ ನಿಮ್ಮದು, ಆದರೆ ದಯವಿಟ್ಟು ಆ ಬಿರಡೆಯನ್ನು ತೆಗೆಸುವವರೆಗೆ ಗೀಸರ್ ಹಾಕಬೇಡಿ. ಅದು ಸೇಫ್ಟಿ ವಾಲ್ವ್ (ಒತ್ತಡ ಹೆಚ್ಚಿದಾಗ ನೀರನ್ನು ಹೊರಬಿಡುವ ರಕ್ಷಣಾ ಕವಾಟ). ನೀರು ಕಾದರೆ ಹಿಗ್ಗುತ್ತದೆ. 15 ಲೀಟರ್ ನೀರು 20 ಡಿಗ್ರಿಯಿಂದ 60ಕ್ಕೆ ಏರಿದರೆ ಒಂದು ಲೋಟದಷ್ಟು ಹೆಚ್ಚಾಗುತ್ತದೆ. ತಣ್ಣೀರಿನ ಕಡೆಗೆ ಮರಳಲು ದಾರಿ ಇಲ್ಲದ ಗೀಸರುಗಳಲ್ಲಿ ಅದು ಈ ವಾಲ್ವ್‌ನಿಂದ ಹನಿಹನಿಯಾಗಿ ಹೊರಬೀಳುತ್ತದೆ. ಕೆಟ್ಟಿದ್ದರಿಂದ ಅಲ್ಲ, ಸರಿಯಿದ್ದುದರಿಂದ ತೊಟ್ಟಿಕ್ಕುತ್ತಿತ್ತು.

ಮೇಲಿನ ಪತ್ರದವರು ಕೇಳಿದ ಸಿಡಿಯುವ ಭಯ ನಿಜವಾಗುವುದು ಇಂಥಲ್ಲಿ. ಥರ್ಮೋಸ್ಟಾಟ್ ಕೈಕೊಟ್ಟು, ಅದರ ಹಿಂದಿರುವ ಕಟ್‌ಔಟೂ (ಅತಿಯಾಗಿ ಕಾದರೆ ಕರೆಂಟ್ ಕಡಿಯುವ ಎರಡನೇ ಕಾವಲು) ಕೆಲಸ ಮಾಡದೆ, ವಾಲ್ವ್ ಬಾಯಿಯನ್ನೂ ನಾವೇ ಮುಚ್ಚಿದ್ದರೆ ಒಳಗಿನ ಒತ್ತಡಕ್ಕೆ ದಾರಿಯೇ ಇಲ್ಲ. ಬಿರಡೆಯ ಬದಲು ವಾಲ್ವ್ ಬಾಯಿಗೆ ಸಣ್ಣ ಪೈಪ್ ಸಿಕ್ಕಿಸಿ ಚರಂಡಿಯ ಜಾಲರಿಯ ಕಡೆ ಇಳಿಬಿಡಿ. ಗೀಸರ್ ಆರಿಸಿದ್ದಾಗಲೂ ಒಂದೇ ಸಮನೆ ಸೋರುತ್ತಿದ್ದರೆ ಮಾತ್ರ ವಾಲ್ವ್ ಬದಲಿಸಿ. ಪ್ರೆಷರ್ ಪಂಪ್ ಇರುವ ಮನೆಯಾದರೆ ಅದರ ಒತ್ತಡ ಗೀಸರಿನ ಫಲಕದಲ್ಲಿ ಬರೆದಿರುವ ಮಿತಿಯೊಳಗೆ ಇದೆಯೇ ನೋಡಿಸಿ.

ಪ್ರಶ್ನೆ: ಬೆಳಗಾವಿಯಿಂದ ಬರೆಯುತ್ತಿದ್ದೇನೆ. ಚಳಿ ಶುರುವಾಗಿ ಗೀಸರ್ ಹಾಕತೊಡಗಿದ ಮೇಲೆ ಮನೆಯ ಆರ್‌ಸಿಸಿಬಿ ಮತ್ತೆ ಮತ್ತೆ ಬೀಳುತ್ತಿತ್ತು. ಎಲೆಕ್ಟ್ರಿಷಿಯನ್ ಗೀಸರ್ ಲೈನನ್ನು ಅದರಿಂದ ತಪ್ಪಿಸಿ ನೇರ ಕೊಟ್ಟರು. ಈಗ ಬೀಳುವುದಿಲ್ಲ. ಆದರೆ ನಲ್ಲಿ ಮುಟ್ಟಿದರೆ ಕೈ ಜುಮ್ ಎನ್ನುತ್ತದೆ. ಎಂಸಿಬಿ ಇದೆಯಲ್ಲ, ಏನೂ ಆಗುವುದಿಲ್ಲ ಎನ್ನುತ್ತಾರೆ ಅವರು.

ಉತ್ತರ: ಜುಮ್ ಎಂದದ್ದನ್ನು ಕಡೆಗಣಿಸದೆ ಬರೆದಿದ್ದೀರಿ, ಅದೇ ನಿಮ್ಮನ್ನು ಕಾಪಾಡುವ ಗುಣ. ಈಗ ಮಾಡಬೇಕಾದದ್ದು ಒಂದೇ: ಗೀಸರ್ ಸ್ವಿಚ್ ಮಾತ್ರವಲ್ಲ, ಆ ಲೈನಿನ ಎಂಸಿಬಿಯನ್ನೇ ಇಳಿಸಿಬಿಡಿ. ಕೆಲವು ಹಳೆಯ ವೈರಿಂಗ್‌ನಲ್ಲಿ ಸ್ವಿಚ್ಚನ್ನು ತಪ್ಪಿ ನ್ಯೂಟ್ರಲ್ ತಂತಿಗೆ ಹಾಕಿರುತ್ತಾರೆ, ಸ್ವಿಚ್ ಆರಿಸಿದರೂ ಕಾಯಿಲ್‌ಗೆ ಕರೆಂಟ್ ಇದ್ದೇ ಇರುತ್ತದೆ. ದುರಸ್ತಿಯಾಗುವವರೆಗೆ ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ.

ಎಂಸಿಬಿ ಮತ್ತು ಆರ್‌ಸಿಸಿಬಿ ಬೇರೆ ಬೇರೆ ಕೆಲಸದವು. 16 ಆಂಪಿಯರ್‌ನ ಎಂಸಿಬಿ ಅದಕ್ಕಿಂತ ಹೆಚ್ಚು ಕರೆಂಟ್ ಹರಿದರೆ ಮಾತ್ರ ಬೀಳುತ್ತದೆ. ಅದು ಕಾಯುವುದು ತಂತಿಯನ್ನು. ಆರ್‌ಸಿಸಿಬಿ (ಕರೆಂಟ್ ದಾರಿತಪ್ಪಿ ನೆಲಕ್ಕೆ ಸೋರಿದರೆ ಕೂಡಲೇ ಕಡಿಯುವ ಸಾಧನ) ಮನೆಗಳಲ್ಲಿ 30 ಮಿಲಿಆಂಪಿಯರ್‌ಗೆ ಬೀಳುವಂಥದ್ದು ಇರುತ್ತದೆ. ಅದು ಕಾಯುವುದು ಮನುಷ್ಯನನ್ನು. 30 ಮಿಲಿಆಂಪಿಯರ್ ಅಂದರೆ 16 ಆಂಪಿಯರ್‌ನ ಐನೂರನೇ ಒಂದು ಭಾಗಕ್ಕಿಂತ ಕಡಿಮೆ. ಒದ್ದೆ ಮೈಯಲ್ಲಿ ಹಾಯ್ದರೆ ಪ್ರಾಣ ತೆಗೆಯುವಷ್ಟು ಕರೆಂಟ್ ಕೂಡ ಎಂಸಿಬಿಯ ಲೆಕ್ಕಕ್ಕೇ ಬರುವುದಿಲ್ಲ. ನಿಮ್ಮ ಆರ್‌ಸಿಸಿಬಿ ಕೆಟ್ಟಿರಲಿಲ್ಲ. ಗೀಸರಿನಲ್ಲಿ ಸೋರಿಕೆ ಇದೆ ಎಂದು ದಿನವೂ ಹೇಳುತ್ತಿತ್ತು.

ಕಾಯಿಲ್ ಬಿರುಕುಬಿಟ್ಟಿರಬೇಕು, ಜತೆಗೆ ಅರ್ಥಿಂಗ್ (ಸೋರಿದ ಕರೆಂಟನ್ನು ಭೂಮಿಗೆ ಇಳಿಸುವ ತಂತಿ) ಎಲ್ಲೋ ಕಡಿದಿರಬೇಕು ಅಥವಾ ಸಡಿಲವಾಗಿರಬೇಕು. ಅರ್ಥಿಂಗ್ ಗಟ್ಟಿಯಾಗಿದ್ದರೆ ನಲ್ಲಿ ಹೀಗೆ ಜುಮ್ಮೆನ್ನುವುದು ವಿರಳ. ಲೈಸೆನ್ಸ್ ಇರುವ ಬೇರೆ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಎರಡನ್ನೂ ಮಾಪಕ ಇಟ್ಟು ಪರೀಕ್ಷಿಸಲು ಹೇಳಿ, ಗೀಸರ್ ಲೈನನ್ನು ಮತ್ತೆ ಆರ್‌ಸಿಸಿಬಿ ಅಡಿಗೆ ತರಿಸಿ. ಅದರ ಮೇಲೆ ‘ಟೆಸ್ಟ್’ ಎಂಬ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ, ಟಪ್ಪನೆ ಬೀಳಬೇಕು. ರಬ್ಬರ್ ಚಪ್ಪಲಿ ಹಾಕಿಕೊಂಡು ಸ್ನಾನ ಮಾಡುವ ಉಪಾಯ ಯಾರಾದರೂ ಹೇಳಿದರೆ ನಂಬಬೇಡಿ.

ಪ್ರಶ್ನೆ: ಮೈಸೂರಿನ ನಮ್ಮ ಮನೆಯ ಸೋಲಾರ್ ಏಪ್ರಿಲ್‌ನಲ್ಲಿ ಕೈ ಸುಡುವಷ್ಟು ನೀರು ಕೊಡುತ್ತದೆ. ಡಿಸೆಂಬರ್‌ನಲ್ಲಿ, ಬೇಕಾದಾಗ, ಉಗುರುಬೆಚ್ಚಗೂ ಇಲ್ಲ. ಹೋದ ವರ್ಷದವರೆಗೆ ಹೀಗಿರಲಿಲ್ಲ. ಕೆಟ್ಟಿದೆಯೇ?

ಉತ್ತರ: ಕೆಟ್ಟಿರಲಿಕ್ಕಿಲ್ಲ. ಮಧ್ಯಾಹ್ನ ಒಮ್ಮೆ ತಾರಸಿಗೆ ಹತ್ತಿ ದಕ್ಷಿಣಕ್ಕೆ ಮುಖಮಾಡಿ ನಿಲ್ಲಿ. ಏಪ್ರಿಲ್‌ನಲ್ಲಿ ನೆತ್ತಿಯ ಹತ್ತಿರ ಇರುವ ಸೂರ್ಯ ಡಿಸೆಂಬರ್ ಕೊನೆಗೆ ಮೈಸೂರಿನಲ್ಲಿ ನಡುಮಧ್ಯಾಹ್ನವೂ ದಕ್ಷಿಣದ ಕಡೆ 54 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಹೋದ ವರ್ಷ ಇರದ ಪಕ್ಕದ ಮನೆಯ ಹೊಸ ಮಹಡಿ, ಬೆಳೆದ ತೆಂಗು, ನಿಮ್ಮದೇ ಸಿಂಟೆಕ್ಸ್ ಟ್ಯಾಂಕು, ಏನಾದರೂ ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರ ನಡುವೆ ಕೊಳವೆಗಳ ಮೇಲೆ ನೆರಳು ಚೆಲ್ಲುತ್ತಿದೆಯೇ ನೋಡಿ. ಬೇಸಿಗೆಯಲ್ಲಿ ಬೀಳದ ನೆರಳು ಚಳಿಗಾಲದಲ್ಲಿ ಬೀಳುತ್ತದೆ.

ನೆರಳಿಲ್ಲದಿದ್ದರೆ ಗಾಜಿನ ಕೊಳವೆಗಳ ತುದಿ ನೋಡಿ. ಅಲ್ಲಿ ಕನ್ನಡಿಯಂಥ ಬೆಳ್ಳಿ ಲೇಪ ಇರುತ್ತದೆ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಆ ಕೊಳವೆಯ ನಿರ್ವಾತ (ಎರಡು ಗಾಜಿನ ನಡುವೆ ಗಾಳಿ ತೆಗೆದ ಜಾಗ) ಹೋಗಿದೆ, ಅದೊಂದನ್ನು ಬದಲಿಸಿದರೆ ಸಾಕು. ದೂಳನ್ನು ಬೆಳಗಿನ ಜಾವ ತೊಳೆಯಿರಿ, ಕಾದ ಗಾಜಿಗೆ ತಣ್ಣೀರು ಎರಚಬೇಡಿ. ಸಂಜೆ ಬಿಸಿನೀರು ಬಳಸಿದರೆ ಅಷ್ಟೇ ತಣ್ಣೀರು ಟ್ಯಾಂಕಿಗೆ ಬಂದು ಬೆಳಗಿನ ಸ್ನಾನದ ಬಿಸಿ ಇಳಿಯುತ್ತದೆ. ಬಟ್ಟೆ, ಪಾತ್ರೆಯ ಕೆಲಸ ಬೆಳಿಗ್ಗೆಯೇ ಮುಗಿಸಿ.

ಪ್ರಶ್ನೆ: ಗೀಸರನ್ನು ದಿನವಿಡೀ ಹಾಕಿಟ್ಟರೆ ಬಿಲ್ ಏರುತ್ತದೆಯೇ? ಚಳಿಗಾಲದಲ್ಲಿ ನಮ್ಮ ಗೃಹಜ್ಯೋತಿ ಕೈತಪ್ಪುತ್ತಿದೆ. ನಾಲ್ಕು ಜನ ಇದ್ದೇವೆ. (ತುಮಕೂರು)

ಉತ್ತರ: ಗೃಹಜ್ಯೋತಿಯ ಉಚಿತ ವಿದ್ಯುತ್ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ, ನಿಮ್ಮ ಚಿಂತೆ ಅರ್ಥವಾಗುತ್ತದೆ. ದಿನವಿಡೀ ಹಾಕಿಡಬೇಡಿ. ಬಳಸದೆ ಆರುವ ಬಿಸಿ ಎಷ್ಟೆಂದು ಗೀಸರಿಗೆ ಅಂಟಿಸಿರುವ ನಕ್ಷತ್ರದ (ಸ್ಟಾರ್ ರೇಟಿಂಗ್) ಚೀಟಿಯ ಮೇಲೇ 24 ಗಂಟೆಗೆ ಇಷ್ಟು ಯೂನಿಟ್ ಎಂದು ಬರೆದಿರುತ್ತದೆ. ಆದರೆ ದೊಡ್ಡ ಖರ್ಚು ಅದಲ್ಲ, ನಾವು ಮೈಮೇಲೆ ಹೊಯ್ದುಕೊಳ್ಳುವ ನೀರು. 15 ಲೀಟರನ್ನು 20ರಿಂದ 60 ಡಿಗ್ರಿಗೆ ಕಾಯಿಸಲು 0.7 ಯೂನಿಟ್ ಬೇಕು. ನಾಲ್ವರಿಗೆ ದಿನಕ್ಕೆ 2.8, ತಿಂಗಳಿಗೆ 84 ಯೂನಿಟ್. ಆ 15 ಲೀಟರಿಗೆ ತಣ್ಣೀರು ಬೆರೆಸಿದರೆ ಒಬ್ಬರಿಗೆ ಹದವಾದ 30 ಲೀಟರ್ ಸಿಗುತ್ತದೆ. ಷವರ್ ಬಿಟ್ಟು ಒಂದು ಬಕೆಟ್ಟಿನಲ್ಲಿ ಮುಗಿಸಿದರೆ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಉಳಿಯುತ್ತದೆ. ಸ್ನಾನಕ್ಕೆ ಇಪ್ಪತ್ತು ನಿಮಿಷ ಮುಂಚೆ ಸ್ವಿಚ್ ಹಾಕಿ, ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ.

ಪ್ರಶ್ನೆ: ತೀರ್ಥಹಳ್ಳಿಯ ಕಡೆಯವರು ನಾವು. ಬಚ್ಚಲೊಲೆ ತೆಗೆಸಿ ಕರೆಂಟ್ ಗೀಸರ್ ಹಾಕಿಸಿದೆವು. ಎಪ್ಪತ್ತೆಂಟರ ಅತ್ತೆಯವರು ಗೀಸರ್ ನೀರು ಮೈಗೆ ಹತ್ತುವುದಿಲ್ಲ, ಚಳಿ ಬಿಡುವುದಿಲ್ಲ ಎನ್ನುತ್ತಾರೆ. ಇನ್ನೂ ಬಿಸಿ ಮಾಡಿಕೊಟ್ಟರೆ ಸುಟ್ಟೀತೆಂದು ನನಗೆ ಭಯ. ಮತ್ತೆ ಒಲೆ ಹಾಕಿಸುವುದೇ?

ಉತ್ತರ: ನಿಮ್ಮ ಅತ್ತೆಯವರು ಸುಳ್ಳು ಹೇಳುತ್ತಿಲ್ಲ. ನೀರು ಎರಡೂ ಒಂದೇ. ವ್ಯತ್ಯಾಸ ಇರುವುದು ಕೋಣೆಯಲ್ಲಿ. ಅಡಿಕೆ ಸಿಪ್ಪೆ, ಸೌದೆ ಗಂಟೆಗಟ್ಟಲೆ ಉರಿಯುವ ಬಚ್ಚಲುಮನೆಯಲ್ಲಿ ಗೋಡೆ, ಹಂಡೆಯ ಕಟ್ಟೆ, ನೆಲ ಎಲ್ಲ ಬೆಚ್ಚಗಿರುತ್ತವೆ. ಚೊಂಬು ಚೊಂಬಿನ ನಡುವೆ ಮೈ ಆರುವುದಿಲ್ಲ. ಟೈಲ್ಸ್ ಹಾಕಿದ ಬಚ್ಚಲಿನಲ್ಲಿ ಒದ್ದೆ ಮೈಗೆ ತಣ್ಣನೆ ಗಾಳಿ ತಗಲುತ್ತದೆ. ಅವರಿಗೆ ಬೇಕಾದದ್ದು ಇನ್ನೂ ಬಿಸಿಯಾದ ನೀರಲ್ಲ, ಬೆಚ್ಚಗಿನ ಕೋಣೆ.

ಒಲೆ ಮತ್ತೆ ಹಾಕಿಸಬೇಕಿಲ್ಲ. ಹಾಕಿಸುವುದಾದರೂ ಉರಿ ಬಾಯಿ ಹೊರಗಿರಲಿ, ಹೊಗೆಗೆ ದಾರಿ ಇರಲಿ. ಮುಚ್ಚಿದ ಕೋಣೆಯಲ್ಲಿ ಸೌದೆಯ ಬೆಂಕಿಯೂ ಮೊದಲ ಪತ್ರದಲ್ಲಿ ಹೇಳಿದ ಅದೇ ಅನಿಲ ಬಿಡುತ್ತದೆ. ಕರೆಂಟ್ ಗೀಸರ್ ಗಾಳಿ ತಿನ್ನುವುದಿಲ್ಲ, ಹಾಗಾಗಿ ಅವರ ಸ್ನಾನದ ಹೊತ್ತಿಗೆ ನೀವು ಕಿಟಕಿ ಮುಚ್ಚಬಹುದು. ಮೊದಲು ನೆಲಕ್ಕೆ ಎರಡು ಚೊಂಬು ಬಿಸಿನೀರು ಹೊಯ್ದು, ಮಣೆಯನ್ನೂ ಬೆಚ್ಚಗೆ ಮಾಡಿ, ಬಿಸಿನೀರಿನ ಬಕೆಟ್ಟನ್ನು ಒಂದೆರಡು ನಿಮಿಷ ಒಳಗಿಟ್ಟು ಬಾಗಿಲು ಮುಚ್ಚಿ. ಆ ಬಕೆಟ್ಟನ್ನು ಹೊರಗೆ ತೆಗೆದಮೇಲೆ ಅವರನ್ನು ಕರೆಯಿರಿ. ಒಣಗಿದ ಟವೆಲ್ ಕೈಗೆಟಕುವಲ್ಲೇ ಇರಲಿ, ನೀರು ಹೊಯ್ದು ಮುಗಿದ ಕೂಡಲೇ ಮೈ ಒರೆಸಿಕೊಳ್ಳಲಿ.

ಸುಡುವ ಭಯ ನಿಮಗಿರುವುದು ಸರಿಯೇ. 60 ಡಿಗ್ರಿಯ ನೀರು ಐದಾರು ಸೆಕೆಂಡಿನಲ್ಲಿ ಚರ್ಮ ಸುಡಬಲ್ಲದು, ವಯಸ್ಸಾದವರ ಚರ್ಮ ಇನ್ನೂ ತೆಳು. ಥರ್ಮೋಸ್ಟಾಟನ್ನು 50ಕ್ಕೆ ಇಳಿಸಿ. ಬಕೆಟ್ಟಿಗೆ ಮೊದಲು ತಣ್ಣೀರು ಬಿಟ್ಟು ಅದರ ಮೇಲೆ ಬಿಸಿನೀರು ಬಿಡಿ. ಬರಿ ಬಿಸಿನೀರಿನ ಬಕೆಟ್ ಅವರ ಮುಂದೆ ಒಂದು ಕ್ಷಣವೂ ಇರಬಾರದು. ಬೆರೆಸಿದ ನೀರನ್ನು ಬೆರಳಿನಿಂದಲ್ಲ, ನಿಮ್ಮ ಮುಂಗೈಯ ಒಳಭಾಗದಿಂದ ಮುಟ್ಟಿ ನೋಡಿ. ಬಿಸಿನೀರು ಹೊಯ್ದುಕೊಂಡು ತಟ್ಟನೆ ಎದ್ದರೆ ಈ ವಯಸ್ಸಿನಲ್ಲಿ ತಲೆ ಸುತ್ತುವುದುಂಟು. ಕುಳಿತೇ ಸ್ನಾನ ಮಾಡಲಿ, ಏಳುವಾಗ ಹಿಡಿದುಕೊಳ್ಳಲು ಗೋಡೆಗೊಂದು ಸರಳು ಹಾಕಿಸಿಕೊಡಿ.